ತೋಟದ ಕುರ್ಚಿ ಮಹಡಿಗೆ ಬಂದಾಗ

ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದಲ್ಲಿ ಕುರ್ಚಿಗಳಿಗೆ ಗೊತ್ತಾದ ಜಾಗವೆಂಬುದಿಲ್ಲ. ಬಿಸಿಲು ಬೇಕಾದವರು ಬಿಸಿಲಿಗೆ, ನೆರಳು ಬೇಕಾದವರು ಮರದಡಿಗೆ ಎಳೆದುಕೊಂಡು ಹೋಗುತ್ತಾರೆ; ಎರಡನ್ನು ಎದುರುಬದುರು ಹಾಕಿ ಒಂದರ ಮೇಲೆ ಕಾಲು ಚಾಚುವವರೂ ಉಂಟು. 1923ರಿಂದ ಅಲ್ಲಿರುವ ಈ ಹಸಿರು ಉಕ್ಕಿನ ಕುರ್ಚಿಗೆ ಫ್ರೆಡರಿಕ್ ಸೋಫಿಯಾ 2004ರಲ್ಲಿ ಫೆರ್ಮಾಬ್ ಕಂಪನಿಗಾಗಿ ಅಲ್ಯೂಮಿನಿಯಂನ ಹೊಸ ರೂಪ ಕೊಟ್ಟರು. ಈಗ ಟೆರೇಸು, ಬಾಲ್ಕನಿಗಳ ಫೋಟೋಗಳಲ್ಲಿ ಬಣ್ಣಬಣ್ಣವಾಗಿ ಮೆರೆಯುವುದು ಈ ಎರಡನೆಯದು.

ಕುರ್ಚಿಯಾಗಿ ಅದು ಚೆನ್ನಾಗಿಯೇ ಇದೆ. ಪಟ್ಟಿಗಳು ಮೈಗೊಪ್ಪುವಂತೆ ಬಾಗಿವೆ. ಉಕ್ಕಿನ ಮೂರನೇ ಒಂದರಷ್ಟೇ ಸಾಂದ್ರತೆಯ ಲೋಹವಾದ್ದರಿಂದ ಒಂದೇ ಕೈಯಲ್ಲಿ ಎತ್ತಬಹುದು. ಉಕ್ಕಿನದಾದರೆ ನೆಲಕ್ಕೆ ಉಜ್ಜುವ ಕಾಲಿನ ತುದಿಯಲ್ಲೇ ಮೊದಲು ಬಣ್ಣ ಕಿತ್ತು, ತುಕ್ಕು ಬಣ್ಣದ ಅಡಿಯಲ್ಲೇ ಮೇಲೇರುತ್ತದೆ. ಅಲ್ಯೂಮಿನಿಯಂಗೆ ಆ ರೋಗವಿಲ್ಲ, ಗಾಳಿ ತಾಗಿದ ಕೂಡಲೇ ತಾನೇ ತೆಳ್ಳನೆಯ ಆಕ್ಸೈಡ್ ಪೊರೆ ಹೊದ್ದುಕೊಳ್ಳುತ್ತದೆ.

ತೊಡಕಿರುವುದು ಬಿಸಿಲಲ್ಲಿ. ಪ್ಯಾರಿಸ್ಸಿನ ಎಳೆಬಿಸಿಲಿಗೆ ಹುಟ್ಟಿದ ಈ ಕುರ್ಚಿಯನ್ನು ಕಲಬುರಗಿಯ ಏಪ್ರಿಲ್ ಮಧ್ಯಾಹ್ನಕ್ಕೆ ಒಡ್ಡಿದರೆ ಅದು ಕಾದ ಕಾವಲಿ; ಗಾಢ ಬಣ್ಣದ್ದಾದರಂತೂ ಕೇಳುವುದೇ ಬೇಡ. ಅದಕ್ಕೆಂದು ಅಂಗಡಿಯವರು ಜೊತೆಗೊಂದು ಕುಶನ್ ಮಾರುತ್ತಾರೆ. ಮಳೆನೀರು ಇಳಿದುಹೋಗಲೆಂದೇ ಪಟ್ಟಿಗಳ ನಡುವೆ ಬಿಟ್ಟ ಸಂದುಗಳನ್ನು ಆ ಕುಶನ್ ಮುಚ್ಚಿಬಿಡುತ್ತದೆ. ಒಂದು ಮಳೆ ಬಿದ್ದರೆ ಸ್ಪಂಜು ನೀರು ಕುಡಿದು ಎರಡು ದಿನ ಮುಗ್ಗಲು ವಾಸನೆ. ಹೊರಗಿಡಲೆಂದು ತಂದ ಕುರ್ಚಿಯ ಕುಶನ್ನನ್ನು ಒಳಗೆ ಹೊತ್ತುಕೊಂಡು ಓಡುವುದು ಎಂಥ ಭಾಗ್ಯ!

ಆದರೆ ನನ್ನ ದೊಡ್ಡ ತಕರಾರು ಬೇರೆ. ಈ ಕುರ್ಚಿಯ ಗುಣವಿರುವುದು ಅದರ ಅಲೆದಾಟದಲ್ಲಿ. ನ್ಯೂಯಾರ್ಕಿನ ಬ್ರಯಂಟ್ ಪಾರ್ಕ್‌ನವರು ಇದನ್ನು ಅರಿತಿದ್ದರು. ಜನ ಕುರ್ಚಿಯನ್ನು ತುಸುವಾದರೂ ಸರಿಸಿಯೇ ಕೂರುತ್ತಾರೆಂದು ಗಮನಿಸಿದ್ದ ವಿಲಿಯಂ ವೈಟ್ ಅವರ ಸಲಹೆಯಂತೆ, 1992ರಲ್ಲಿ ಪಾರ್ಕ್ ಮತ್ತೆ ತೆರೆದಾಗ ಅಲ್ಲಿ ಎತ್ತಿಡಬಲ್ಲ ಲೋಹದ ಕುರ್ಚಿಗಳೇ ಬಂದವು. (ನಮ್ಮ ಪಾರ್ಕುಗಳ ಬೆಂಚುಗಳ ಕಾಲನ್ನು ಸಿಮೆಂಟಿನಲ್ಲಿ ಹೂತಿರುತ್ತೇವೆ, ಕಳ್ಳರ ಭಯ, ಇರಲಿ.) ಮನೆಗೆ ಬರುವಾಗ ಅದೇ ಕುರ್ಚಿ ನಾಲ್ಕರ ಸೆಟ್ಟಾಗಿ, ಅದೇ ಬಣ್ಣದ ಮೇಜಿನ ಸುತ್ತ ಸೋಫಾಸೆಟ್ಟಿನ ಶಿಸ್ತಿನಲ್ಲಿ ಕೂರುತ್ತದೆ. ಎಂಟಡಿ ಬಾಲ್ಕನಿಯಲ್ಲಿ ಸರಿಯಲು ಜಾಗವಾದರೂ ಎಲ್ಲಿ? ಹಗುರತನಕ್ಕೆ ಕೊಟ್ಟ ದುಡ್ಡು ದಂಡ, ಉಳಿಯುವುದು ಬಣ್ಣವೊಂದೇ.

ದೊಡ್ಡ ಅಂಗಳವೋ ಮರವಿರುವ ಹಿತ್ತಲೋ ಇದ್ದವರು ತಿಳಿಬಣ್ಣದ ಎರಡನ್ನು ತರಲಿ, ಮೇಜು, ಕುಶನ್ ಅಂಗಡಿಯಲ್ಲೇ ಇರಲಿ. ಬಾಲ್ಕನಿಗೆ ಪ್ಲಾಸ್ಟಿಕ್ ವೈರು ಹೆಣೆದ ಹಳೆಯ ಕುರ್ಚಿ ಸಾಕು; ಅದು ಸುಡುವುದೂ ಇಲ್ಲ.