ಫೀಸು ಕಟ್ಟಿದವನ ಪ್ರೀತಿ

ಫ್ರೆಡ್ ಅಸ್ಟೇರ್ ಕುಣಿಯುವ ಚಿತ್ರ ನೋಡಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಆಫೀಸಿನ ಒಂದು ಫೈಲು ಎಂದರೆ ನಂಬುವುದು ಕಷ್ಟ. 1955ರ ‘ಡ್ಯಾಡಿ ಲಾಂಗ್ ಲೆಗ್ಸ್’ನಲ್ಲಿ ಹಾಗೇ ಆಗುತ್ತದೆ. ಫ್ರಾನ್ಸಿನ ಅನಾಥಾಲಯದಲ್ಲಿ ಬೆಳೆದ ಹದಿನೆಂಟರ ಹುಡುಗಿ ಜೂಲಿಯನ್ನು ಅಮೆರಿಕದ ಕೋಟ್ಯಧೀಶ ಜರ್ವಿಸ್ ಪೆಂಡಲ್ಟನ್ ಗುಟ್ಟಾಗಿ ಕಾಲೇಜಿಗೆ ಸೇರಿಸುತ್ತಾನೆ. ಫೀಸು, ಬಟ್ಟೆ, ಹಡಗಿನ ಟಿಕೆಟು ಎಲ್ಲವೂ ಅವನದೇ. ಹುಡುಗಿಗೆ ಅವನ ಹೆಸರು ಗೊತ್ತಿಲ್ಲ; ‘ಜಾನ್ ಸ್ಮಿತ್’ ಎಂಬ ಸುಳ್ಳು ಹೆಸರಿಗೆ ಅವಳು ಕಾಗದ ಬರೆಯಬೇಕು. ಬರೆಯುತ್ತಾಳೆ, ಬರೆಯುತ್ತಲೇ ಇರುತ್ತಾಳೆ. ಆ ಕಾಗದಗಳು ನ್ಯೂಯಾರ್ಕಿನ ಆಫೀಸಿಗೆ ಬಂದು, ನಂಬರು ಹಾಕಿಸಿಕೊಂಡು, ಬೀರು ಸೇರುತ್ತವೆ. ಹಣ ಕೊಟ್ಟವನು ಒಂದನ್ನೂ ಓದಿಲ್ಲ. ಅವನ ಸೆಕ್ರೆಟರಿ ಮಿಸ್ ಪ್ರಿಚರ್ಡ್ ಮಾತ್ರ ಒಂದೊಂದನ್ನೂ ಓದಿ ಅತ್ತಿದ್ದಾಳೆ. ಆ ಪಾತ್ರ ಮಾಡಿದ ಥೆಲ್ಮಾ ರಿಟ್ಟರ್ ಒಂದು ದಿನ ಯಜಮಾನನ ಮುಖಕ್ಕೇ ಬಯ್ದು, ಅವನೂ ಅವನ್ನು ಓದುವಂತೆ ಮಾಡುತ್ತಾಳೆ. ಚಿತ್ರದ ನಿಜವಾದ ಮನುಷ್ಯಧ್ವನಿ ಅವಳೊಬ್ಬಳದೇ.

ಚಿತ್ರ ಅಲ್ಲಿಂದ ಮುಂದೆ ಹೋಗುವ ದಾರಿ ನನಗೆ ಒಪ್ಪಿಗೆಯಿಲ್ಲ. ಏಕೆಂದು ಹೇಳುವ ಮೊದಲು ಅದರ ಹಿರಿಮೆಯನ್ನು ಒಪ್ಪಿಬಿಡಬೇಕು. ನಿರ್ದೇಶಕ ಜೀನ್ ನೆಗುಲೆಸ್ಕೊ ಸಿನೆಮಾಸ್ಕೋಪಿನ ಅಗಲವಾದ ಪರದೆಯನ್ನು ಕುಣಿತಕ್ಕೆ ಬಿಟ್ಟುಕೊಟ್ಟಿದ್ದಾನೆ. ಅಸ್ಟೇರನ ತಲೆಯಿಂದ ಕಾಲಿನವರೆಗೆ ಇಡೀ ಮೈ ಕಾಣುತ್ತದೆ, ಅನಗತ್ಯ ಕತ್ತರಿಯಿಲ್ಲ. ಕಾಲೇಜಿನ ನೃತ್ಯಕೂಟದಲ್ಲಿ ‘ಸ್ಲೂಫೂಟ್’ ಹಾಡಿಗೆ ಅವನು ಎಳೆಯರ ನಡುವೆ ಇಳಿದಾಗ, ಐವತ್ತು ದಾಟಿದ ಗಂಡಸು ಇಷ್ಟು ಹಗುರಾಗಿರಬಹುದೇ ಎಂದು ಬೆರಗಾಗುತ್ತದೆ. ಆ ಹೊತ್ತಿಗೆ ಅವನ ಮನೆಯಲ್ಲಿ ಸೂತಕ. ಹೆಂಡತಿ ಫಿಲಿಸ್ 1954ರ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದಳು. ಇದು ತಿಳಿದ ಮೇಲೆ ಆ ಹಗುರತನವನ್ನು ಬೇರೆ ಕಣ್ಣಿನಿಂದಲೇ ನೋಡಬೇಕಾಗುತ್ತದೆ. ಜಾನಿ ಮರ್ಸರ್ ಬರೆದು ಸ್ವರ ಹಾಕಿದ ಹಾಡುಗಳಲ್ಲಿ ಒಂದು ಆಸ್ಕರ್ ಅಂತಿಮ ಪಟ್ಟಿಯವರೆಗೂ ಹೋಯಿತು. ಲೆಸ್ಲಿ ಕ್ಯಾರನ್ ರೋಲಾಂ ಪೆಟಿಯ ಬ್ಯಾಲೆ ತಂಡದಿಂದ ಬಂದವಳು. ಇಲ್ಲಿ ಅವಳ ಬ್ಯಾಲೆಗಳನ್ನು ಕಟ್ಟಿದವನೂ ಪೆಟಿಯೇ. ಆದರೆ ಅವಳು ತನ್ನನ್ನು ಬಿಟ್ಟುಹೋದ ಜರ್ವಿಸನನ್ನು ಕನಸಿನಲ್ಲಿ ಊರೂರು ಹುಡುಕುವ ಉದ್ದನೆಯ ಬ್ಯಾಲೆ ಚಿತ್ರದ ಉಸಿರು ಕಟ್ಟಿಸುತ್ತದೆ. ಅದನ್ನು ಪೂರ್ತಿ ತೆಗೆದುಹಾಕಿದ್ದರೂ ಕತೆಗೆ ಏನೂ ಆಗುತ್ತಿರಲಿಲ್ಲ.

ಈಗ ತಕರಾರು. ಅಸ್ಟೇರ್ ಹುಟ್ಟಿದ್ದು 1899ರಲ್ಲಿ, ಕ್ಯಾರನ್ 1931ರಲ್ಲಿ. ನಡುವೆ ಮೂವತ್ತೆರಡು ವರ್ಷ. ಎಲ್ಲ ವಿಮರ್ಶಕರೂ ಹಿಡಿಯುವುದು ಈ ಅಂತರವನ್ನೇ. ನನಗೆ ಅದು ದೊಡ್ಡದೆನಿಸುವುದಿಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿ ಕಂಡ ನಾಡಿನಲ್ಲಿ ವಯಸ್ಸಿನ ಅಂತರ ಹೊಸ ಸುದ್ದಿಯಲ್ಲ. ಚುಚ್ಚುವುದು ತಿಳಿವಳಿಕೆಯ ಅಂತರ. ಅವಳ ಕಾಗದಗಳನ್ನು ಓದಿದವನಿಗೆ ಅವಳ ಒಳಮನಸ್ಸೆಲ್ಲ ಗೊತ್ತು, ಅವಳಿಗೆ ಅವನ ಹೆಸರೂ ಗೊತ್ತಿಲ್ಲ. ಅವಳ ಕಾಲೇಜಿನ ಗೆಳತಿಯ ಚಿಕ್ಕಪ್ಪನೂ ಅವನೇ; ಹಾಗೆ ಎದುರು ಕೂತು ಮಾತಾಡುವಾಗ, ಅವಳು ಬಾಯಿ ಬಿಡುವ ಮೊದಲೇ ಉತ್ತರ ಅವನ ಜೇಬಿನಲ್ಲಿದೆ. ಅವಳ ಹಿಂದೆ ಬಿದ್ದ ಎಳೆಯ ಹುಡುಗನೊಬ್ಬನನ್ನು ದೂರದ ಕೆಲಸಕ್ಕೆ ಅಟ್ಟುವ ಶಕ್ತಿಯೂ ಅವನಿಗಿದೆ; ಅಟ್ಟುತ್ತಾನೆ ಕೂಡ. ಚಿತ್ರ ಇದನ್ನು ತಮಾಷೆಯಾಗಿ ದಾಟಿಸುತ್ತದೆ. ಒಂದೇ ಒಂದು ಕಡೆ ತಡೆದು ನಿಲ್ಲುತ್ತದೆ. ಹೋಟೆಲಿನ ಪಕ್ಕದ ಬಾಲ್ಕನಿಯಲ್ಲಿ ಕೂತ ಅಮೆರಿಕದ ರಾಯಭಾರಿ ಇವರ ಮಾತು ಕೇಳಿಸಿಕೊಂಡು, ನೀನು ಮಾಡಿದ್ದು ಧರ್ಮವೋ ವ್ಯಾಪಾರವೋ ಎಂಬ ಅರ್ಥದಲ್ಲಿ ಜರ್ವಿಸನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಪ್ರಶ್ನೆ ಸರಿಯಾಗಿಯೇ ಬಂತು. ಉತ್ತರ ಹೇಳಬೇಕಾದ ಜರ್ವಿಸ್ ಊರು ಬಿಟ್ಟು ಹೋಗುತ್ತಾನೆ. ತಿರುಗಿ ಬರುವಷ್ಟರಲ್ಲಿ ಪ್ರಶ್ನೆ ಎಲ್ಲಿ ಹೋಯಿತೋ ಯಾರಿಗೂ ನೆನಪಿಲ್ಲ. ಜೂಲಿಗೆ ಸತ್ಯ ತಿಳಿಯುವುದು ಕೊನೆಯ ಕೆಲವು ನಿಮಿಷಗಳಲ್ಲಿ. ಸಿಟ್ಟಿಗೇಳಲು ಅವಳಿಗೆ ಒಂದು ಕ್ಷಣವೂ ಸಿಗುವುದಿಲ್ಲ. ಕೂಡಲೇ ಕುಣಿತ ಶುರುವಾಗುತ್ತದೆ.

ಮೂಲ ಕಾದಂಬರಿ ಇಷ್ಟು ಬಡವಾಗಿರಲಿಲ್ಲ. ಜೀನ್ ವೆಬ್‌ಸ್ಟರ್ 1912ರಲ್ಲಿ ಬರೆದ ಪುಸ್ತಕದ ಹುಡುಗಿಗೆ ಹೆಸರು ಕೂಡ ಸ್ವಂತದ್ದಲ್ಲ: ಒಂದು ಭಾಗ ಗೋರಿಕಲ್ಲಿನಿಂದ, ಇನ್ನೊಂದು ಟೆಲಿಫೋನ್ ಡೈರೆಕ್ಟರಿಯಿಂದ. ತಿಂಗಳಿಗೆ ಮೂವತ್ತೈದು ಡಾಲರ್ ಕೈಖರ್ಚು, ಅದಕ್ಕೆ ಪ್ರತಿಯಾಗಿ ತಿಂಗಳಿಗೊಂದು ಕಾಗದ, ಕೃತಜ್ಞತೆಯ ಮಾತು ಬೇಡ, ಉತ್ತರ ಬರುವುದಿಲ್ಲ. ಈ ಕರಾರಿನ ಒಳಗೇ ಆಕೆ ಜಗಳಕ್ಕಿಳಿಯುತ್ತಾಳೆ. ರಜೆಯಲ್ಲಿ ಗೆಳತಿಯ ಮನೆಗೆ ಹೋಗಕೂಡದು, ಹಳ್ಳಿಯ ತೋಟದಮನೆಗೇ ಹೋಗು ಎಂದು ಸೆಕ್ರೆಟರಿಯ ಮೂಲಕ ಆಜ್ಞೆ ಬಂದಾಗ ಸಿಡಿಯುತ್ತಾಳೆ. ಆತನಿಗೆ ಇಷ್ಟವಿಲ್ಲದಿದ್ದರೂ ಸ್ಕಾಲರ್‌ಶಿಪ್ ತೆಗೆದುಕೊಳ್ಳುತ್ತಾಳೆ, ಪಾಠ ಹೇಳಿ ಸಂಪಾದಿಸುತ್ತಾಳೆ, ಬರೆದದ್ದು ಮಾರಾಟವಾದಾಗ ಸಾಲದ ಮೊದಲ ಕಂತೆಂದು ಸಾವಿರ ಡಾಲರಿನ ಚೆಕ್ ಕಳಿಸುತ್ತಾಳೆ. ನನ್ನ ಮಟ್ಟಿಗೆ ಆ ಚೆಕ್ಕೇ ಕಾದಂಬರಿಯ ತುತ್ತತುದಿ. ಆಮೇಲೆ ಅವಳು ಅವನನ್ನೇ ಮದುವೆಯಾದರೂ, ತೀರಿಸಲು ಕೈ ಹಾಕಿದವಳಾಗಿ ಆಗುತ್ತಾಳೆ. 1955ರ ಜೂಲಿಯ ಕೈಯಲ್ಲಿ ಚೆಕ್ ಇಲ್ಲ, ಲೇಖನಿಯ ಹಟವೂ ಇಲ್ಲ. ಚಿತ್ರಕಥೆ ಬರೆದ ದಂಪತಿ, ಫೀಬಿ ಮತ್ತು ಹೆನ್ರಿ ಎಫ್ರಾನ್, ಕತೆಯನ್ನು ಗಂಡಸಿನ ಕಡೆಗೆ ತಿರುಗಿಸಿಬಿಟ್ಟಿದ್ದಾರೆ. ಕಾದಂಬರಿಯಲ್ಲಿ ನಾವು ಅವಳ ಜೊತೆ ಕಾಯುತ್ತೇವೆ. ಸಿನೆಮಾದಲ್ಲಿ ಅವನ ಜೊತೆ ಅವಳನ್ನು ನೋಡುತ್ತೇವೆ.

ಕೊಕ್ಕರ್ಣೆಯಂಥ ಊರಿನಲ್ಲಿ ಕೂತು ನೋಡುವವರಿಗೆ ಈ ಕತೆ ಪೂರ್ತಿ ಪರದೇಶದ್ದಲ್ಲ. ಬ್ರಹ್ಮಾವರದಿಂದ ಒಳಗೆ, ಸೀತಾನದಿಯ ಆಸುಪಾಸಿನ ಈ ಊರುಗಳಿಂದ ಮೂರು ನಾಲ್ಕು ತಲೆಮಾರು ಹುಡುಗರು ಮುಂಬಯಿ, ಬೆಂಗಳೂರಿನ ಹೋಟೆಲುಗಳಿಗೆ ಹೋದವರು. ಹಗಲು ಹೋಟೆಲು, ರಾತ್ರಿ ಕನ್ನಡ ನೈಟ್ ಸ್ಕೂಲು. ಅವರು ಕಳಿಸಿದ ಮನಿಯಾರ್ಡರಿನಲ್ಲಿ ತಂಗಿಯರು, ತಂಗಿಯ ಮಕ್ಕಳು ಓದಿದರು. ‘ನಮ್ಮನ್ನ ಓದ್ಸಿದ್ದೇ ಅವ್ರ್’ ಎಂದು ಈಗಲೂ ಹೇಳುವವರು ಮನೆಮನೆಯಲ್ಲಿದ್ದಾರೆ. ಇಲ್ಲಿ ಉಪಕಾರಕ್ಕೆ ಮುಖವಿತ್ತು, ಹೆಸರಿತ್ತು. ವರ್ಷಕ್ಕೊಮ್ಮೆ ಪೆಟ್ಟಿಗೆ ಹಿಡಿದುಕೊಂಡು ಅದು ಬಸ್ಸಿನಿಂದ ಇಳಿಯುತ್ತಿತ್ತು. ಇವತ್ತಿಗೂ ಉಡುಪಿಯ ಯಕ್ಷಗಾನ ಕಲಾರಂಗ ‘ವಿದ್ಯಾಪೋಷಕ್’ ಹೆಸರಿನಲ್ಲಿ ಬಡ ಮಕ್ಕಳಿಗೆ ನೆರವು ಕೊಡುವಾಗ ಕಾರ್ಯಕರ್ತರು ಹುಡುಗರ ಮನೆಗೇ ಹೋಗಿ ನೋಡಿ ಬರುತ್ತಾರೆ. ಮುಖ ಕಾಣುವ ಉಪಕಾರಕ್ಕೆ ಅದರದೇ ಆದ ಭಾರ ಉಂಟು, ಸುಳ್ಳಲ್ಲ. ಮದುವೆಮನೆಯಲ್ಲಿ ಹತ್ತು ಜನರ ಎದುರು ‘ಇವನ ಫೀಸು ಕಟ್ಟಿದ್ದು ನಾನೇ’ ಎಂದು ಹೇಳಿಸಿಕೊಳ್ಳುವ ಕಷ್ಟ ಅನುಭವಿಸಿದವರಿಗೆ ಗೊತ್ತು. ಆದರೆ ಯಾರ ಎದುರು ತಲೆ ತಗ್ಗಿಸಬೇಕು, ಯಾರ ಹತ್ತಿರ ಜಗಳಾಡಬೇಕು ಎಂಬುದಾದರೂ ತಿಳಿದಿರುತ್ತದೆ.

ಇನ್ನೂ ಒಂದು ಸಂಗತಿ. ಕುಂದಾಪುರ ಸೀಮೆಯ ನಾಡವರಲ್ಲಿ, ತುಳುನಾಡಿನ ಬಂಟರಲ್ಲಿ ನಡೆದುಬಂದ ಅಳಿಯಕಟ್ಟಿನಲ್ಲಿ ಅಕ್ಕತಂಗಿಯರ ಮಕ್ಕಳನ್ನು ಸಾಕಿ ಓದಿಸುವ ಹೊಣೆ ಸೋದರಮಾವನದಾಗಿತ್ತು. ಬಳಿ, ಅಂದರೆ ಗೋತ್ರದಂಥ ಕುಲಗುರುತು, ಬರುವುದು ತಾಯಿಯಿಂದ. ಹಾಗಾಗಿ ಮಾವನೂ ಸೊಸೆಯೂ ಒಂದೇ ಬಳಿ. ಒಂದೇ ಬಳಿಯೊಳಗೆ ಮದುವೆಯಿಲ್ಲ. ಅಂದರೆ ಫೀಸು ಕಟ್ಟಿದವನು ಗಂಡನಾಗುವ ದಾರಿಯನ್ನೇ ಆ ಕಟ್ಟಳೆ ಮುಚ್ಚಿಟ್ಟಿತ್ತು. ಬಾಲ್ಕನಿಯ ರಾಯಭಾರಿ ಕಷ್ಟಪಟ್ಟು ಹೇಳಬೇಕಾದ ಮಾತನ್ನು ಇಲ್ಲಿ ಬಳಿಯೇ ಹೇಳಿಬಿಡುತ್ತಿತ್ತು. ಇದನ್ನು ಹಳೆಯ ಕಾಲದ ಹಿರಿಮೆ ಎಂದು ಕೊಂಡಾಡಲು ಹೊರಟಿಲ್ಲ. ಅದೇ ಕಟ್ಟಳೆ ಇನ್ನೊಂದು ಬಾಗಿಲನ್ನು ಅಗಲವಾಗಿ ತೆರೆದಿಟ್ಟಿತ್ತು: ಮಾವನ ಮಗಳದು ಬೇರೆ ಬಳಿ, ಆದ್ದರಿಂದ ಓದಿಸಿದ ಅಳಿಯನಿಗೇ ಮಗಳನ್ನು ಕೊಡಬಹುದು. ಓದಿಸುವಾಗಲೇ ಹಾಗೆ ಲೆಕ್ಕ ಹಾಕಿದ ಮಾವಂದಿರು ಇರಲಿಲ್ಲ ಎಂದು ಯಾರೂ ಆಣೆ ಇಡಲಾರರು.

ಆ ಲೆಕ್ಕದ ಮೇಲೆ ಕನ್ನಡದಲ್ಲಿ ಒಂದು ದೊಡ್ಡ ಚಿತ್ರವಿದೆ. 1967ರ ‘ಬೆಳ್ಳಿಮೋಡ’. ತ್ರಿವೇಣಿಯವರ ಕಾದಂಬರಿ, ಕನ್ನಡದಲ್ಲಿ ಪುಟ್ಟಣ್ಣ ಕಣಗಾಲರ ಮೊದಲ ನಿರ್ದೇಶನ. ಇದರಲ್ಲಿ ಅನಾಥೆ ಇಲ್ಲ, ಗುಟ್ಟಿನ ಪೋಷಕನೂ ಇಲ್ಲ. ಅಶ್ವತ್ಥ್ ಮಾಡಿದ ಸದಾಶಿವರಾಯರು ಎಸ್ಟೇಟಿನ ಒಡೆಯರು. ಬಡವರ ಮನೆಯ ಮೋಹನನನ್ನು ತಮ್ಮ ಖರ್ಚಿನಲ್ಲಿ ಅಮೆರಿಕಕ್ಕೆ ಓದಲು ಕಳಿಸುತ್ತಾರೆ, ಒಬ್ಬಳೇ ಮಗಳು ಇಂದಿರೆಯನ್ನು ಅವನಿಗೆ ಕೊಡುವುದೆಂದು ಮಾತಾಗುತ್ತದೆ. ಆಮೇಲೆ ಮನೆಯಲ್ಲಿ ಗಂಡು ಮಗು ಹುಟ್ಟುತ್ತದೆ. ಆಸ್ತಿ ಕೈತಪ್ಪಿತೆಂದು ಮೋಹನನ ಪ್ರೀತಿಯೂ ಇಳಿದುಹೋಗುತ್ತದೆ. ಕೊನೆಗೆ ಬಿದ್ದು ಪೆಟ್ಟು ಮಾಡಿಕೊಂಡು ಅದೇ ಇಂದಿರೆಯ ಆರೈಕೆಯಲ್ಲಿ ಚೇತರಿಸಿಕೊಂಡು, ಪಶ್ಚಾತ್ತಾಪಪಟ್ಟು ಮದುವೆಗೆ ಕೇಳಿದಾಗ ಅವಳು ಒಲ್ಲೆ ಎನ್ನುತ್ತಾಳೆ. ಇಂದಿರೆಯಾದ ಕಲ್ಪನಾ ಆ ‘ಒಲ್ಲೆ’ಯನ್ನು ಕೂಗಿ ಹೇಳುವುದಿಲ್ಲ, ಮುಂದಿನ ವರ್ಷಗಳಲ್ಲಿ ಅವರಿಗೆ ಅಂಟಿಕೊಂಡ ಅತಿ ಅಭಿನಯದ ಸುಳಿವೂ ಇಲ್ಲಿಲ್ಲ. ರಾಜ್ಯ ಪ್ರಶಸ್ತಿ ಬಂದದ್ದು ನ್ಯಾಯವಾಗಿಯೇ ಬಂತು.

ಆದರೆ ‘ಬೆಳ್ಳಿಮೋಡ’ವನ್ನು ಪೂರ್ತಿ ಮೆಚ್ಚಿಕೊಂಡು ಸುಮ್ಮನಿರುವುದೂ ಕಷ್ಟ. ಮೋಹನ ಸ್ವಾರ್ಥಿ, ಸರಿ. ಕಲ್ಯಾಣಕುಮಾರರು ಅವನನ್ನು ನಯವಾದ ಸ್ವಾರ್ಥಿಯಾಗಿಯೇ ಮಾಡಿದ್ದಾರೆ. ಅಮೆರಿಕದ ಟಿಕೆಟ್ಟಿನ ಜೊತೆಗೇ ಮದುವೆಯ ಕರಾರನ್ನೂ ಕೈಗಿಟ್ಟ ರಾಯರ ಬಗ್ಗೆ ಮಾತ್ರ ಚಿತ್ರ ಒಂದು ಕೆಟ್ಟ ಮಾತೂ ಆಡುವುದಿಲ್ಲ. ಅಳಿಯನನ್ನು ಕೊಂಡವರು ಅವರೇ. ಕೊಂಡ ಸರಕು ಕೈಕೊಟ್ಟಾಗ ಕಣ್ಣೀರು ಹಾಕುವವರೂ ಅವರೇ. ಬಡ ಹುಡುಗನಿಗೆ ಬೇಡವೆನ್ನುವ ಅವಕಾಶ ಮೊದಲ ದಿನ ಎಲ್ಲಿತ್ತು? ಈ ಪ್ರಶ್ನೆಯನ್ನು ಪುಟ್ಟಣ್ಣ ಕೇಳಲಿಲ್ಲ. ಆದರೂ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾರ ಪ್ರೀತಿ ಎಷ್ಟಕ್ಕೆ ನಿಂತಿತು ಎಂಬುದನ್ನು ನೋಡುವವನ ಕಣ್ಣಿಂದ ಅವರು ಮುಚ್ಚಿಡಲಿಲ್ಲ. ಹಾಲಿವುಡ್ಡಿನ ಚಿತ್ರ ಮುಚ್ಚಿಟ್ಟಿದ್ದೇ ಅದನ್ನು.

ಹದಿನೈದು ವರ್ಷದ ಮೇಲೆ, 1982ರ ‘ಮಾನಸ ಸರೋವರ’ದಲ್ಲಿ, ಪುಟ್ಟಣ್ಣ ಇದೇ ಗಂಟನ್ನು ಇನ್ನೊಂದು ತುದಿಯಿಂದ ಬಿಚ್ಚಿದರು. ಮನೋವೈದ್ಯನೊಬ್ಬ ಹುಚ್ಚು ಹಿಡಿದ ಹುಡುಗಿಗೆ ಚಿಕಿತ್ಸೆ ಕೊಟ್ಟು ಬದುಕಿಸುತ್ತಾನೆ, ಅವಳನ್ನೇ ಪ್ರೀತಿಸುತ್ತಾನೆ. ವಾಸಿಯಾದ ಹುಡುಗಿ ಬಯಸುವುದು ಬೇರೊಬ್ಬ ಎಳೆಯನನ್ನು. ಕೊನೆಗೆ ಹುಚ್ಚು ವೈದ್ಯನಿಗೇ ಹಿಡಿಯುತ್ತದೆ. ವೈದ್ಯನಾದ ಶ್ರೀನಾಥ್ ಮುಖದಲ್ಲಿ ಆ ಕುಸಿತ ನಿಧಾನವಾಗಿ ಇಳಿಯುವುದನ್ನು ನೋಡಿದವರಿಗೆ ಜರ್ವಿಸ್ ಪೆಂಡಲ್ಟನ್ ಎಷ್ಟು ಸುಲಭವಾಗಿ ಪಾರಾದ ಎಂಬುದು ಅರ್ಥವಾಗುತ್ತದೆ. ಉಪಕಾರ ಮಾಡಿದ ಮಾತ್ರಕ್ಕೆ ಪ್ರೀತಿ ಕೇಳುವ ಹಕ್ಕು ಹುಟ್ಟುವುದಿಲ್ಲ ಎಂಬುದನ್ನು ಪುಟ್ಟಣ್ಣ ಉಪಕಾರ ಮಾಡಿದವನ ನೋವಿನ ಒಳಗಿನಿಂದಲೇ ತೋರಿಸಿದರು. ಅದು ಸಣ್ಣ ಸಾಧನೆಯಲ್ಲ.

ಪಕ್ಕದ ಕೇರಳದಲ್ಲಿ ವೆಬ್‌ಸ್ಟರಳ ಕತೆ ನೇರವಾಗಿಯೇ ಬಂತು. ಪದ್ಮರಾಜನ್ ಬರೆದು ಐ.ವಿ. ಶಶಿ 1984ರಲ್ಲಿ ತೆಗೆದ ‘ಕಾಣಾಮರಯತ್ತ್’ನಲ್ಲಿ ಮಮ್ಮೂಟ್ಟಿ ಪೋಷಕ, ಶೋಭನಾ ಅನಾಥೆ. ಶೋಭನಾ ಆಗಿನ್ನೂ ಹದಿಹರೆಯದ ಹುಡುಗಿ. ಎರಡು ವರ್ಷದಲ್ಲಿ ಅದನ್ನೇ ಶಶಿ ರಾಜೇಶ್ ಖನ್ನಾನನ್ನು ಇಟ್ಟುಕೊಂಡು ಹಿಂದಿಯಲ್ಲಿ ‘ಅನೋಖಾ ರಿಶ್ತಾ’ ಎಂದು ಮಾಡಿದರು. ಹಾಲಿವುಡ್ಡಿನಲ್ಲಿಯೂ 1955ರದ್ದು ಮೊದಲನೆಯದಲ್ಲ: 1919ರಲ್ಲಿ ಮೇರಿ ಪಿಕ್‌ಫೋರ್ಡ್, 1931ರಲ್ಲಿ ಜಾನೆಟ್ ಗೇನರ್ ಇದೇ ಅನಾಥೆಯಾಗಿದ್ದರು. ಇಷ್ಟು ಕಡೆ ಇಷ್ಟು ಸಲ ಈ ಕತೆ ಓಡಿದ್ದರ ಕಾರಣ ಸರಳ. ದಿಕ್ಕಿಲ್ಲದವರ ಮೇಲೆ ಎಲ್ಲೋ ಒಬ್ಬರು ಕಣ್ಣಿಟ್ಟಿದ್ದಾರೆ ಎಂಬ ಆಸೆ ಯಾರಿಗೆ ಬೇಡ? ಆ ಕಣ್ಣಿಟ್ಟವನು ಏನು ಬಯಸಿ ನೋಡುತ್ತಿದ್ದಾನೆ ಎಂದು ಕೇಳಿದ ಕೂಡಲೇ ಆಸೆ ಅರ್ಧ ಕರಗುತ್ತದೆ. ಅದಕ್ಕೇ ಈ ಚಿತ್ರಗಳಲ್ಲಿ ಹೆಚ್ಚಿನವು ಕೇಳಲು ಹೋಗುವುದಿಲ್ಲ.

1955ರ ಚಿತ್ರವನ್ನು ಕುಣಿತಕ್ಕಾಗಿ ನೋಡಬಹುದು, ನೋಡಲೇಬೇಕು. ಕತೆಯಾಗಿ ಅದು ಸೋತ ಚಿತ್ರ. ಕಾಲೇಜಿಗೆ ಹೋಗುವ ಮಕ್ಕಳನ್ನು, ಅದರಲ್ಲೂ ಯಾರದೋ ನೆರವಿನಲ್ಲಿ ಓದುತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವುದಾದರೆ ‘ಬೆಳ್ಳಿಮೋಡ’ವನ್ನು ಮೊದಲು ಹಾಕಿ, ಅಸ್ಟೇರನನ್ನು ಮರುದಿನಕ್ಕೆ ಇಟ್ಟುಕೊಳ್ಳಿ.