ಪಾಳುಭೂಮಿಯ ನಕಾಶೆ ಮತ್ತು ಬೇಣದ ಬುರ್ಲಿ

ಕೇಂದ್ರ ಸರ್ಕಾರದ ಭೂಸಂಪನ್ಮೂಲ ಇಲಾಖೆ ಮತ್ತು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಜೊತೆಗೂಡಿ ಪ್ರಕಟಿಸುವ ‘ಭಾರತದ ಪಾಳುಭೂಮಿ ನಕಾಶೆ ಸಂಪುಟ’ವನ್ನು ನಿಮ್ಮಲ್ಲಿ ಕೆಲವರಾದರೂ ಗ್ರಂಥಾಲಯದಲ್ಲಿ ನೋಡಿರಬಹುದು. ಮೊದಲ ಸಂಪುಟ 2000ದಲ್ಲಿ ಬಂತು. 2019ರ ಆವೃತ್ತಿಯ ಪ್ರಕಾರ, 2015-16ರಲ್ಲಿ ದೇಶದಲ್ಲಿದ್ದ ಪಾಳುಭೂಮಿ 5 ಕೋಟಿ 57 ಲಕ್ಷ ಹೆಕ್ಟೇರಿಗೂ ಹೆಚ್ಚು, ಅಂದರೆ ಒಟ್ಟು ಭೂಪ್ರದೇಶದ ಶೇ. 16.96. ಇದನ್ನು 23 ಬಗೆಗಳಾಗಿ ವಿಂಗಡಿಸಲಾಗಿದೆ. ಯೋಜನಾ ಕಚೇರಿಗಳಲ್ಲಿ ಇಷ್ಟೊಂದು ಬಳಕೆಯಾಗುವ, ಆದರೆ ಅಧ್ಯಾಪಕರು ವಿಮರ್ಶಿಸಲು ಹೋಗದ ಪುಸ್ತಕ ಇದು. ನಾನು ಭೌತವಿಜ್ಞಾನದವನು, ಪಕ್ಷಿಶಾಸ್ತ್ರಜ್ಞನಲ್ಲ. ಆದರೂ ಈ ಪುಸ್ತಕದ ಒಂದು ಕೊರತೆಯ ಬಗ್ಗೆ ಬರೆಯಬೇಕೆನಿಸಿದೆ. ಅದು ಬರಿಯ ಪದದ ಕೊರತೆ ಎಂದು ತೋರಬಹುದು. ಹಾಗಲ್ಲ.

ಮೊದಲು ಮೆಚ್ಚಬೇಕಾದುದನ್ನು ಮೆಚ್ಚೋಣ. ನಮ್ಮದೇ ಉಪಗ್ರಹಗಳ ಲಿಸ್-3 ಕ್ಯಾಮರಾ ಒದಗಿಸುವ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ 23.5 ಮೀಟರ್ ಬದಿಯ ಚೌಕ. ನಮ್ಮ ಲೆಕ್ಕದಲ್ಲಿ ಸುಮಾರು ಐದೂವರೆ ಗುಂಟೆ. ಇಡೀ ದೇಶವನ್ನು ಐದೂವರೆ ಗುಂಟೆಯ ತುಂಡುಗಳಲ್ಲಿ ಓದಿ 1:50,000 ಪ್ರಮಾಣದ ನಕಾಶೆಗೆ ಇಳಿಸುವುದು ಸಾಮಾನ್ಯ ಸಾಧನೆಯಲ್ಲ.

ಉಪಗ್ರಹ ಹಸುರನ್ನು ಗುರುತಿಸುವ ಬಗೆಯನ್ನು ನಿಮ್ಮ ತರಗತಿಯಲ್ಲಿ ಹೀಗೆ ವಿವರಿಸಬಹುದು. ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಎಲೆಯ ಒಳರಚನೆ ಸಮೀಪದ ಅವಕೆಂಪು ಕಿರಣಗಳನ್ನು ಹಿಂದಕ್ಕೆ ಚದರಿಸುತ್ತದೆ. ಅವಕೆಂಪಿನ ಪರಾವರ್ತನದಿಂದ ಕೆಂಪಿನ ಪರಾವರ್ತನವನ್ನು ಕಳೆದು, ಅದನ್ನು ಇವೆರಡರ ಮೊತ್ತದಿಂದ ಭಾಗಿಸಿದರೆ ಸಸ್ಯ ಸೂಚ್ಯಂಕ ದೊರೆಯುತ್ತದೆ. ಹಸಿರು ಹುಲ್ಲು ಕೆಂಪಿನಲ್ಲಿ 0.05, ಅವಕೆಂಪಿನಲ್ಲಿ 0.40 ಭಾಗ ಪರಾವರ್ತಿಸಿತು ಎನ್ನೋಣ, ಸೂಚ್ಯಂಕ 0.78. ಅದೇ ಹುಲ್ಲು ಒಣಗಿ ಈ ಬೆಲೆಗಳು 0.20 ಮತ್ತು 0.30 ಆದರೆ ಸೂಚ್ಯಂಕ 0.20ಕ್ಕೆ ಇಳಿಯುತ್ತದೆ. ಬರಿಯ ಜಂಬಿಟ್ಟಿಗೆ ನೆಲಕ್ಕೆ 0.20 ಮತ್ತು 0.26 ಎಂದಿಟ್ಟುಕೊಂಡರೆ ಬರುವ ಉತ್ತರ 0.13. ಇವು ನಿದರ್ಶನಕ್ಕೆಂದು ನಾನೇ ಆರಿಸಿಕೊಂಡ ಸಂಖ್ಯೆಗಳು. ಆದರೆ ಚಿತ್ರ ಹೀಗೆಯೇ ಇರುತ್ತದೆ. ಮಾರ್ಚ್ ತಿಂಗಳ ಒಣಹುಲ್ಲು ಬರಿ ನೆಲಕ್ಕೆ ತೀರ ಹತ್ತಿರ, ಮರಕ್ಕೆ ಬಹಳ ದೂರ.

ಹಾಗಾದರೆ ತಪ್ಪು ಉಪಗ್ರಹದ್ದೇ? ಅಲ್ಲ. ವರ್ಷದ ಬೇರೆ ಬೇರೆ ಹಂಗಾಮುಗಳ ಚಿತ್ರಗಳನ್ನು ಹೋಲಿಸಿದರೆ ಒಣಹುಲ್ಲನ್ನೂ ಬರಿ ನೆಲವನ್ನೂ ಬೇರ್ಪಡಿಸಬಹುದು, ತಜ್ಞರು ಇದನ್ನು ಚೆನ್ನಾಗಿ ಬಲ್ಲರು. ಎಡವಟ್ಟಾಗುವುದು ಅಳತೆ ಮುಗಿದ ನಂತರ, ಹೆಸರಿಡುವಾಗ. ಪರಾವರ್ತನವನ್ನು ಅಳೆಯುವ ಉಪಕರಣವಿದೆ. ‘ಪಾಳು’ತನವನ್ನು ಅಳೆಯುವ ಉಪಕರಣ ಯಾವ ಪ್ರಯೋಗಾಲಯದಲ್ಲೂ ಇಲ್ಲ.

ಹೆಸರಿನ ಮೂಲ ಕಂದಾಯದಲ್ಲಿದೆ. ಬ್ರಿಟಿಷ್ ಆಡಳಿತಕ್ಕೆ ತೆರಿಗೆ ತಾರದ ನೆಲವೆಲ್ಲ ‘ವೇಸ್ಟ್’ ಆಗಿತ್ತು. 1985ರಲ್ಲಿ ರಾಷ್ಟ್ರೀಯ ಪಾಳುಭೂಮಿ ಅಭಿವೃದ್ಧಿ ಮಂಡಳಿ ಸ್ಥಾಪನೆಯಾದ ಮೇಲೆ ಅದಕ್ಕೆ ತಾಂತ್ರಿಕ ವ್ಯಾಖ್ಯೆಯೂ ಬಂತು: ಪೂರ್ಣವಾಗಿ ಬಳಕೆಯಾಗದ, ತಕ್ಕ ಪ್ರಯತ್ನದಿಂದ ಸಸ್ಯಾವರಣಕ್ಕೆ ತರಬಹುದಾದ ನೆಲ. ಯಾರ ಬಳಕೆ? ದನದ್ದೇ, ಕಂಪನಿಯದೇ, ಹಕ್ಕಿಯದೇ? ವ್ಯಾಖ್ಯೆ ಹೇಳುವುದಿಲ್ಲ. ಹುಲ್ಲು ಸಸ್ಯವಲ್ಲವೇ ಎಂಬ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಕುರುಚಲು ನೆಲ, ಹಾಳಾದ ಹುಲ್ಲುಗಾವಲು, ಕಲ್ಲುನೆಲ, ಉಪ್ಪುನೆಲ ಎಲ್ಲವೂ ಒಂದೇ ತಲೆಬರಹದ ಕೆಳಗೆ ಬರುತ್ತವೆ. 2008-09 ಮತ್ತು 2015-16ರ ನಡುವೆ 14.5 ಲಕ್ಷ ಹೆಕ್ಟೇರ್ ಪಾಳುಭೂಮಿ ಇತರ ಬಗೆಗಳಿಗೆ ಬದಲಾಯಿತೆಂದು 2019ರ ಸಂಪುಟ ಲಾಭದ ಲೆಕ್ಕದಲ್ಲಿ ಬರೆದುಕೊಂಡಿದೆ, ಅದರಲ್ಲಿ 6.4 ಲಕ್ಷ ಹೆಕ್ಟೇರ್ ಸಾಗುವಳಿಗೆ ಹೋಗಿದೆ. ಈ 14.5 ಲಕ್ಷದಲ್ಲಿ ನಿಜಕ್ಕೂ ಕೆಟ್ಟಿದ್ದ ನೆಲವೆಷ್ಟು, ಜೀವಂತ ಹುಲ್ಲುಗಾವಲು ಎಷ್ಟು? ಸಂಪುಟದ ವರ್ಗೀಕರಣವೇ ಆ ಪ್ರಶ್ನೆಯನ್ನು ಕೇಳಲು ಬಿಡುವುದಿಲ್ಲ.

ನನ್ನ ಊರು ಕುಮಟಾ–ಶಿರಸಿ ರಸ್ತೆಯ ಕತಗಾಲ. ನಮ್ಮ ಕಡೆ ನೆಲಕ್ಕೆ ಹೆಸರುಗಳು ಬೇರೆ. ಗದ್ದೆ, ತೋಟ, ತೋಟಕ್ಕೆ ಸೊಪ್ಪು ಕೊಡುವ ಬೆಟ್ಟ, ಮತ್ತು ಹುಲ್ಲಿಗಾಗಿ ಬೇಣ. ಬೇಣದಲ್ಲಿ ಮಳೆಗಾಲದಲ್ಲಿ ದನ ಮೇಯುತ್ತಿದ್ದವು. ಮಳೆ ಹಿಂದಾದ ಮೇಲೆ ಕರಡ ಕೊಯ್ಯುತ್ತಿದ್ದೆವು. ಯಾರೂ ಅದನ್ನು ಪಾಳು ಎಂದು ಕರೆದದ್ದು ನನಗೆ ನೆನಪಿಲ್ಲ. ಕರಡ ಕೊಯ್ಯುವಾಗ ಕಾಲ ಬುಡದಿಂದಲೇ ಏಳೆಂಟು ಬುರ್ಲಿಗಳು ಒಮ್ಮೆಲೇ ಬುರ್ರನೆ ಎದ್ದು ದಿಕ್ಕಿಗೊಂದರಂತೆ ಚದರಿ, ಮತ್ತೆ ಹುಲ್ಲಿನೊಳಗೆ ಬೀಳುತ್ತಿದ್ದವು. ಎದೆ ಧಸಕ್ಕೆನ್ನುತ್ತಿತ್ತು. ಕೈಯಲ್ಲಿ ಕತ್ತಿಯಿದ್ದದ್ದೇ ಮರೆತುಹೋಗುತ್ತಿತ್ತು.

ಬುರ್ಲಿ, ಗೌಜಲು ಮೊದಲಾದ ಬೇಟೆಹಕ್ಕಿಗಳ ದೇಹರಚನೆ ನೆಲಕ್ಕೆ ಹೊಂದಿದ್ದು. ಗಿಡ್ಡ ದುಂಡು ರೆಕ್ಕೆ ಕ್ಷಣಮಾತ್ರದ ನೆಗೆತಕ್ಕೆ ಸಾಕು, ದೂರದ ಹಾರಾಟಕ್ಕಲ್ಲ. ಗೂಡು ನೆಲದ ಮೇಲೆ. ಮೊಟ್ಟೆಯಿಂದ ಹೊರಬಂದ ಮರಿ ಸ್ವಲ್ಪ ಹೊತ್ತಿನಲ್ಲೇ ಓಡಬಲ್ಲದು, ಆದರೆ ಮೊದಲ ಕೆಲವು ವಾರ ಅದಕ್ಕೆ ಕಾಳಿಗಿಂತ ಹುಳುವೇ ಮುಖ್ಯ ಆಹಾರ. ಅಡಗಲು ಹುಲ್ಲಿನ ಬುಡ, ಓಡಲು ಬುಡಗಳ ನಡುವಿನ ಬರಿ ಜಾಗ, ತಿನ್ನಲು ಹುಳು: ಈ ಮೂರೂ ಒಂದೇ ಕಡೆ ಇರಬೇಕು. ಇಂಗ್ಲೆಂಡಿನ ಸಸೆಕ್ಸಿನಲ್ಲಿ ಡಿಕ್ ಪಾಟ್ಸ್ 1968ರಿಂದ ನಡೆಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಅಲ್ಲಿ ಬೂದು ಗೌಜಲು ಕಡಿಮೆಯಾದುದಕ್ಕೆ ಮುಖ್ಯ ಕಾರಣ ಬಂದೂಕಲ್ಲ. ಕಳೆನಾಶಕದಿಂದ ಕಳೆ ಹೋಯಿತು, ಕಳೆಯೊಂದಿಗೆ ಹುಳು ಹೋಯಿತು, ಹುಳು ಸಿಗದೆ ಮರಿಗಳು ಸತ್ತವು. ಪರಿಹಾರವೂ ಸರಳವಾಗಿತ್ತು. ಹೊಲದಂಚಿನ ಕೆಲವು ಮೀಟರ್ ಅಗಲದ ಪಟ್ಟಿಗೆ ಸಿಂಪಡಣೆ ಕೈಬಿಡುವುದು. ಅಲ್ಲಿ ಬೇಟೆಗಾರರಿಗೂ ಹಕ್ಕಿ ಬೇಕಾಗಿದ್ದರಿಂದ ಕೇಳುವವರಿದ್ದರು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಲ್ಲಿಸಿತು, ಒಳ್ಳೆಯದಾಯಿತು. ಆದರೆ ಕಾಯ್ದೆ ಬಂದೂಕನ್ನು ತಡೆಯಬಲ್ಲದು, ಸಸಿಯನ್ನಲ್ಲ.

ಸಸಿಯ ಮಾತು ಬಂದಾಗ ನನ್ನ ಪಾಲನ್ನೂ ಒಪ್ಪಿಕೊಳ್ಳಬೇಕು. ಸುಮಾರು ಮೂವತ್ತು ವರ್ಷಗಳ ಹಿಂದೆ, ಹೊಸ ಉಪನ್ಯಾಸಕನಾಗಿದ್ದಾಗ, ವಿದ್ಯಾರ್ಥಿಗಳ ಸೇವಾ ಶಿಬಿರವೊಂದನ್ನು ನಡೆಸಿ ಊರ ಪಕ್ಕದ ಬೇಣದಲ್ಲಿ ಅಕೇಶಿಯಾ ನೆಡಿಸಿದೆ. ‘ಬೋಳು ಗುಡ್ಡವನ್ನು ಹಸಿರಾಗಿಸಿದೆವು’ ಎಂದು ವರದಿಯನ್ನೂ ಬರೆದೆ. ಹುಲ್ಲು ಕೊಯ್ಯಲು ಬಂದ ಅಜ್ಜಿಯೊಬ್ಬರು “ಇದೆಲ್ಲ ಯಾರಿಗ್ಯೋ ತಮ್ಮಾ?” ಎಂದು ಕೇಳಿದ್ದರು. ನಾನು ಆಮ್ಲಜನಕದ ಬಗ್ಗೆ ಭಾಷಣ ಮಾಡಿದೆ. ಹತ್ತು ವರ್ಷದಲ್ಲಿ ಮರಗಳ ತಲೆ ಕೂಡಿತು. ಬೇಗ ಕೊಳೆಯದ ದರಕು ನೆಲವನ್ನು ಮುಚ್ಚಿತು, ಹುಲ್ಲು ಹೋಯಿತು. ಇಂದು ಆ ಗುಡ್ಡದ ಸೂಚ್ಯಂಕ ಮಾರ್ಚ್‌ನಲ್ಲೂ ಹೆಚ್ಚೇ ಇರುತ್ತದೆ. ಬುರ್ಲಿ ಏಳುವುದಿಲ್ಲ.

ಇದೇ ತಪ್ಪು ಬಯಲುಸೀಮೆಯಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು, ವಿಸ್ತೀರ್ಣ 119 ಚದರ ಕಿಲೋಮೀಟರ್. ಅದರ ಬಹುಪಾಲು ನೀಲಗಿರಿ ನೆಡುತೋಪು. ಕೃಷ್ಣಮೃಗ ತೋಪಿಗೂ ಹೊಲಕ್ಕೂ ಹೇಗೋ ಹೊಂದಿಕೊಂಡು ಹೆಚ್ಚಿತು. ಅಲ್ಲಿಯೇ ಕಾಣಸಿಗುತ್ತಿದ್ದ ಎರೆಭೂತ ಹೊಂದಿಕೊಳ್ಳಲಾರದೆ ಹೋಯಿತು. ಹದಿನೈದು ಕಿಲೋಗ್ರಾಮ್‌ವರೆಗೆ ತೂಗುವ, ಬಯಲಿನಲ್ಲಿ ಒಂದೇ ಮೊಟ್ಟೆಯಿಡುವ ಈ ಹಕ್ಕಿಗೆ ಸುತ್ತ ಕಣ್ಣು ಹಾಯುವಷ್ಟು ತೆರವು ಬೇಕು. ಈಗ ದೇಶದಲ್ಲೇ ಉಳಿದಿರುವುದು ಇನ್ನೂರಕ್ಕೂ ಕಡಿಮೆ. ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪದ ಎರೆನೆಲವೇ ಅದರ ಕೊನೆಯ ಆಸರೆ.

ಜನ ಸುಮ್ಮನಿರಲಿಲ್ಲ. 1984ರಲ್ಲಿ ಸರ್ಕಾರ ಖಾಸಗಿ ಕಾರ್ಖಾನೆಯೊಂದಿಗೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಸ್ಥಾಪಿಸಿ, ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಜನರಿಗೆ ಉಪಯೋಗವಾಗುವ ಸಸಿ ಹಚ್ಚಿದರು. ಶಿವರಾಮ ಕಾರಂತರು ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿದಾರರಾಗಿದ್ದರು. 1991ರಲ್ಲಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಕಾಗದದಲ್ಲಿ ಪಾಳು ಎಂದಿದ್ದ ನೆಲ ನಿಜದಲ್ಲಿ ಮೇವಿನ, ಉರುವಲಿನ ನೆಲ ಎಂದು ಹಳ್ಳಿಗರು ಸಾಧಿಸಿ ತೋರಿಸಿದರು. ಹಕ್ಕಿಯ ವಕಾಲತ್ತು ಮಾತ್ರ ಆಗಲೂ ಯಾರ ಕೈಯಲ್ಲೂ ಇರಲಿಲ್ಲ.

ಬೇರೆ ನಕಾಶೆ ಸಾಧ್ಯವೇ? ಸಾಧ್ಯ. ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ 2022ರಲ್ಲಿ ಉಪಗ್ರಹ ದತ್ತಾಂಶದಿಂದಲೇ ದೇಶದ ಅರೆಶುಷ್ಕ ಭಾಗದ ತೆರೆದ ಸಹಜ ಪರಿಸರಗಳ ನಕಾಶೆ ಮಾಡಿದರು. ಇವು ದೇಶದ ಸುಮಾರು ಹತ್ತನೆಯ ಒಂದು ಭಾಗದಷ್ಟಿವೆ. ಬಹುಪಾಲು ಸರ್ಕಾರಿ ಸಂಪುಟದಲ್ಲಿ ಪಾಳು ಎಂದೇ ದಾಖಲಾಗಿವೆ. ಸಂರಕ್ಷಿತ ಪ್ರದೇಶದೊಳಗಿರುವುದು ಶೇ. 5ಕ್ಕೂ ಕಡಿಮೆ. ಬೆಳಕು ಅದೇ, ರೋಹಿತ ಅದೇ, ಹೆಸರು ಮಾತ್ರ ಬೇರೆ. ಇದಕ್ಕೂ ನನ್ನದೊಂದು ತಕರಾರಿದೆ. ಅರೆಶುಷ್ಕ ಭಾಗಕ್ಕೆ ಸೀಮಿತವಾದುದರಿಂದ ಕರಾವಳಿಯ ಬೇಣ ಇದರಲ್ಲಿ ಬರುವುದೇ ಇಲ್ಲ. ಬೇಣ ‘ಸಹಜ’ವೇ ಎಂದು ಕೇಳುವವರೂ ಇದ್ದಾರೆ. ನ್ಯಾಯವಾದ ಪ್ರಶ್ನೆ. ಮೇಯಿಸುವುದನ್ನು, ಕೊಯ್ಯುವುದನ್ನು ನಿಲ್ಲಿಸಿದರೆ ನಮ್ಮ ಮಳೆಗೆ ಬೇಣ ಕೆಲವೇ ವರ್ಷಗಳಲ್ಲಿ ಪೊದೆಯಾಗಿ ಕಾಡಾಗುತ್ತದೆ. ಹಾಗಾಗಿ ಬೇಲಿ ಹಾಕಿ ಬಿಟ್ಟರೆ ಬೇಣ ಉಳಿಯದು. ಕೊಯ್ಲೂ ಬೇಕು, ಆದರೆ ಮಳೆ ಮುಗಿಯುತ್ತಲೇ ಬುರ್ಲಿಯ ಗೂಡಿನ ಕಾಲ ಶುರುವಾಗುವುದರಿಂದ ಅಲ್ಲಲ್ಲಿ ಒಂದೊಂದು ಪಟ್ಟಿ ಕೊಯ್ಯದೆ ಬಿಡಬೇಕು. ಸಸೆಕ್ಸಿನ ಹೊಲದಂಚಿಗೂ ನಮ್ಮ ಬೇಣದಂಚಿಗೂ ಲೆಕ್ಕ ಒಂದೇ.

ಸಂಪುಟದ ಮುಂದಿನ ಆವೃತ್ತಿಯವರು ‘ಹುಲ್ಲುಗಾವಲು’ ಎಂಬುದನ್ನು ಪಾಳಿನ ತಲೆಬರಹದಿಂದ ಹೊರತಂದು ಪ್ರತ್ಯೇಕ ಬಗೆಯಾಗಿ ತೋರಿಸಲಿ. ಅದಕ್ಕೆ ಬೇಕಾದ ದತ್ತಾಂಶ ಅವರ ಬಳಿಯೇ ಇದೆ. ಅಧ್ಯಾಪಕರಾದ ನಿಮ್ಮಲ್ಲಿ ನನ್ನ ಕೋರಿಕೆ ಇನ್ನೂ ಚಿಕ್ಕದು. ಜೂನ್ ತಿಂಗಳಲ್ಲಿ ಪರಿಸರ ದಿನಕ್ಕೆಂದು ಶಾಲೆಗೆ ಸಸಿಗಳು ಬರುತ್ತವೆ. ಗುಂಡಿ ತೋಡುವ ಮೊದಲು ಒಂದು ಬೆಳಗ್ಗೆ ಮಕ್ಕಳನ್ನು ಆ ಜಾಗಕ್ಕೆ ಕರೆದೊಯ್ಯಿರಿ. ಒಂದು ಮೀಟರ್ ಚೌಕಕ್ಕೆ ಹಗ್ಗ ಕಟ್ಟಿ, ಒಳಗೆ ಎಷ್ಟು ಬಗೆಯ ಹುಲ್ಲು, ಎಷ್ಟು ಬಗೆಯ ಹುಳು ಎಂದು ಎಣಿಸಿ ಬರೆಯಲಿ. ಅಲ್ಲಿ ಹುಲ್ಲು ಕೊಯ್ಯುವವರನ್ನು ಕರೆದು ಯಾವ ಹಕ್ಕಿ ಏಳುತ್ತದೆಂದು ಕೇಳಲಿ. ಆ ಹಾಳೆಯನ್ನು ನೋಡಿದ ಮೇಲೂ ಸಸಿ ಅಲ್ಲೇ ನೆಡಬೇಕೆನಿಸಿದರೆ ನೆಡಿ. ಇಲ್ಲವಾದರೆ ಶಾಲೆಯ ರಸ್ತೆಬದಿಯಲ್ಲಿ ನೆರಳಿಗೆ ಜಾಗವಿದ್ದೇ ಇರುತ್ತದೆ.