ಕಾರಿಡಾರಿಗೆ ವೈಫೈ, ಕೋಣೆಗೆ ಹಾಟ್‌ಸ್ಪಾಟ್

1951ರ ಯುಬಿಡಿಟಿ, 1965ರ ಜೆಜೆಎಂ ಮೆಡಿಕಲ್, 1979ರ ಬಿಐಇಟಿ, 2009ರಲ್ಲಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ಸ್ವತಂತ್ರ ವಿಶ್ವವಿದ್ಯಾಲಯ: ದಾವಣಗೆರೆ ಹೀಗೆ ಕಾಲೇಜುಗಳ ಊರಾಯಿತು, ಜೊತೆಗೆ ಹಾಸ್ಟೆಲ್‌ಗಳ ಊರೂ ಆಯಿತು. ಇನ್ನು ಮುಂದಿನ ಮಾತು ಯಾವುದೇ ಒಂದು ಹಾಸ್ಟೆಲ್ಲಿನ ಮೇಲಿನ ದೂರಲ್ಲ. ರಾಜ್ಯದ ಉದ್ದಗಲಕ್ಕೂ ಕಾಣುವ ಒಂದು ರೂಢಿಯ ಬಗ್ಗೆ. ನಡುವೆ ಉದ್ದದ ಕಾರಿಡಾರ್, ಎರಡೂ ಬದಿಗೆ ಕೋಣೆಗಳು. ವೈಫೈ ಬಾಕ್ಸ್‌ಗಳೆಲ್ಲ ಕಾರಿಡಾರಿನ ಸೂರಿನಲ್ಲಿ ಸಾಲಾಗಿ.

ನೋಡಲು ಚೆಂದ, ಕೆಲಸಕ್ಕೆ ಕೆಟ್ಟದ್ದು. ವೈಫೈನ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6, 11. ನಾಲ್ಕನೆಯ ಬಾಕ್ಸ್ ಈ ಮೂರರಲ್ಲಿ ಒಂದಕ್ಕೇ ಬಂದು ಕೂರಬೇಕು. ಕಾರಿಡಾರಿನಲ್ಲಿ ನಡುವೆ ಗೋಡೆಯಿಲ್ಲ, ಹಾಗಾಗಿ ಒಂದರ ಸದ್ದು ಇನ್ನೊಂದಕ್ಕೆ ನಿಚ್ಚಳವಾಗಿ ಕೇಳುತ್ತದೆ. ಒಂದು ಮಾತಾಡುವಾಗ ಇನ್ನೊಂದು ಬಾಯಿ ಮುಚ್ಚಿ ಕಾಯುತ್ತದೆ. ‘ನೆಟ್ ನಿಧಾನ’ ಎಂಬ ಅರ್ಜಿ ಬಂದಾಗ ಮತ್ತೆರಡು ಬಾಕ್ಸ್ ಹಾಕಿಸಿದರೆ ಕಾಯುವವರ ಸಾಲು ಉದ್ದವಾಗುತ್ತದೆ, ಅಷ್ಟೆ. ಅತ್ತ ಕೋಣೆಯೊಳಗಿನ ಮೊಬೈಲಿಗೆ ಇಟ್ಟಿಗೆ ಗೋಡೆ, ಕಬ್ಬಿಣದ ಬೀರು ಅಡ್ಡ. ಪರದೆಯ ಮೇಲಿನ ಕಡ್ಡಿಗಳು ತೋರಿಸುವುದು ಬಾಕ್ಸಿನ ದನಿ ಮೊಬೈಲಿಗೆ ಎಷ್ಟು ಕೇಳಿಸಿತು ಎಂಬುದನ್ನು ಮಾತ್ರ. ಮೊಬೈಲಿನ ಕ್ಷೀಣ ದನಿ ಬಾಕ್ಸಿಗೆ ಮುಟ್ಟಿತೋ ಇಲ್ಲವೋ, ಅದು ಅಲ್ಲಿ ಕಾಣುವುದಿಲ್ಲ. ‘ಟವರ್ ಫುಲ್ ಐತಿ, ನೆಟ್ ಓಡವಲ್ದು’ ಎಂದು ಹುಡುಗರು ಬೈಯುವುದು ಇದಕ್ಕೇ.

2018ರಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್‌ನ 605 ಮೆಗಾಹರ್ಟ್ಸ್ ತರಂಗಾಂತರವನ್ನು ಲೈಸೆನ್ಸಿಲ್ಲದೆ ಬಳಸಲು ಬಿಟ್ಟಮೇಲೆ ಚಾನೆಲ್ಲಿನ ಬರ ನೀಗಿದೆ. ಆದರೆ ಈ ಅಲೆಗೆ ಗೋಡೆಯೆಂದರೆ ಇನ್ನೂ ಕಷ್ಟ. ಕಾರಿಡಾರಿನಲ್ಲಿಟ್ಟರೆ ಅದು ದೋಷ. ಕೋಣೆಯೊಳಗಿಟ್ಟರೆ ಅದೇ ಗುಣ, ಗೋಡೆಗಳೇ ಬಾಕ್ಸುಗಳ ನಡುವಿನ ಬೇಲಿ. ಎರಡು ಮೂರು ಕೋಣೆಗೊಂದರಂತೆ, ಮಹಡಿಯಿಂದ ಮಹಡಿಗೆ ಜಾಗ ತಪ್ಪಿಸಿ, ಶಕ್ತಿ ತಗ್ಗಿಸಿ ಕೂರಿಸಿದರೆ ಸಾಕು.

ಕಾರಿಡಾರ್ ಪಕ್ಷದವರ ವಾದ ಪೊಳ್ಳಲ್ಲ. ಲೇಡೀಸ್ ಹಾಸ್ಟೆಲ್ಲಿನ ಕೋಣೆಗೆ ರಿಪೇರಿಯವನನ್ನು ಕಳಿಸುವುದೆಂದರೆ ವಾರ್ಡನ್‌ಗೆ ತಲೆನೋವು, ರಜೆಯಲ್ಲಿ ಬೀಗ. ಚಾರ್ಜರಿಗೆಂದು ಯಾರಾದರೂ ಪ್ಲಗ್ ಕಿತ್ತಾರೆಂಬ ಭಯಕ್ಕೆ ಮಾತ್ರ ಉತ್ತರವಿದೆ: 100 ಮೀಟರಿನೊಳಗೆ ಒಂದೇ ಕೇಬಲ್ ಡೇಟಾವನ್ನೂ ಕರೆಂಟನ್ನೂ ಒಯ್ಯುತ್ತದೆ. ಕೇಬಲ್ ಖರ್ಚು ಹೆಚ್ಚುವುದು ನಿಜ.

ಹರಿಹರದಂಥ ತಾಲ್ಲೂಕು ಊರುಗಳಲ್ಲಿ ಹಲವರು ಒಂದೇ ಹಾಲಿನಲ್ಲಿ ಮಲಗುವ ಹಾಸ್ಟೆಲ್ಲಿದ್ದರೆ ಲೆಕ್ಕವೇ ಬೇರೆ. ಹಾಲಿನ ನಡುವೆ ಒಂದು ಒಳ್ಳೆಯ ಬಾಕ್ಸ್, ಮುಗಿಯಿತು. ಕೋಣೆಗಳ ಹಾಸ್ಟೆಲ್ಲಿನ ನಕ್ಷೆಯನ್ನು ಅಲ್ಲಿಗೆ ಒಯ್ದರೆ ದುಡ್ಡು ದಂಡ.

ಕೆಡುವುದು ಟೆಂಡರಿನಲ್ಲಿ. ಬಾಕ್ಸ್ ಎಣಿಸಿ, ಹಸಿರು ದೀಪ ನೋಡಿ ಬಿಲ್ ಪಾಸಾಗುವವರೆಗೆ ಗುತ್ತಿಗೆದಾರ ಏಣಿ ಸುಲಭವಾಗಿ ನಿಲ್ಲುವ ಕಡೆಯೇ ಮೊಳೆ ಹೊಡೆಯುತ್ತಾನೆ. ಪರೀಕ್ಷೆಯ ಹೊತ್ತಿನ ರಾತ್ರಿ ಹತ್ತಕ್ಕೆ, ಬಾಗಿಲು ಮುಚ್ಚಿ, ಮೂಲೆಯ ಮಂಚದ ಮೇಲೆ ಕೂತು ವೇಗ ಅಳೆಯಬೇಕೆಂಬ ಒಂದು ಷರತ್ತು ಸೇರಿಸಿ ನೋಡಲಿ, ಕೋಣೆಯೊಳಗೆ ಜಾಗ ಕೊಡಿ ಎಂದು ಅವನೇ ಕೇಳಿಕೊಂಡು ಬರುತ್ತಾನೆ.